ಅಮಾವಾಸ್ಯೆಯಿಂದ ಅಮಾವಾಸ್ಯೆಗೆ

ಜನವರಿ 30, 2025. ಗುರುವಾರ

ಸುಳ್ಳು ಹೇಳಿದ್ದೆ. ಏಳು ವರ್ಷದ ಹಿಂದೆ, ಮಠದ ಗದ್ದುಗೆ ಮುಟ್ಟಿ. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಅವ್ವನಿಗೂ.

ಬೆಳಿಗ್ಗೆ ಸೀಟು ಹೊಲಿಯುವ ಅಂಗಡಿಗೆ ಟ್ರ್ಯಾಕ್ಟರಿನದು ಒಂದು, ಬೈಕಿನವು ಎರಡು ಬಂದಿದ್ದವು. ರೆಕ್ಸಿನ್ ಕತ್ತರಿಸುವಾಗ ಅಪ್ಪನ ಫೋನು. ದನಿಯಲ್ಲಿ ಹೆಮ್ಮೆ.

"ನಿನ್ನೆ ಅಮಾಸಿಗೆ ಗಂಗಾಧರಪ್ಪ ಗದ್ದುಗೆ ಮುಟ್ಟಿ ಆಣೆ ಮಾಡಿದ್ರು ಕಣೋ. ಯಾವನೋ ಆರನೇ ಕ್ಲಾಸಿನ ಹುಡುಗ ಏನೇನೋ ಹೇಳ್ಯಾನಂತೆ ಅವರ ಮೇಲೆ. ಹನ್ನೊಂದು ಜನ ಹಿರೇರ್ನ ಕೂರಿಸಿದ್ರು. ನನ್ನೂ ಕರೆದಿದ್ರು."

ಗಂಗಾಧರಪ್ಪ ಮಠದ ಹಾಸ್ಟೆಲಿನ ವಾರ್ಡನ್. ಮಠ ಇರುವುದು ಸೊರಬದ ಕಡೆ. ಐದರಿಂದ ಎಂಟನೇ ಕ್ಲಾಸಿನ ತನಕ ನಾನು ಅಲ್ಲೇ ಇದ್ದವನು. ಗದ್ದುಗೆ ಎಂದರೆ ಹಿಂದಿನ ಗುರುಗಳ ಸಮಾಧಿ. ಮಠದಲ್ಲಿ ಯಾವ ದೂರು ಬಂದರೂ ಪದ್ಧತಿ ಒಂದೇ. ಗದ್ದುಗೆ ಮುಟ್ಟಿ ಆಣೆ. ಈ ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯೊಳಗೆ ಮೈಗಾಗಲಿ ಮನೆಗಾಗಲಿ ಕೇಡು ಬಂದರೆ ಸುಳ್ಳುಗಾರ. ಬರದಿದ್ದರೆ ಶುದ್ಧ. ಆಮೇಲೆ ಯಾರೂ ಮಾತೆತ್ತುವಂತಿಲ್ಲ.

ಎಂಟನೇ ಕ್ಲಾಸಿನಲ್ಲಿ ನನ್ನ ಜೊತೆ ಓದುತ್ತಿದ್ದ ಯತೀಶ ಹೇಳಿದ್ದ. ಇದೇ ಗಂಗಾಧರಪ್ಪನ ಮೇಲೆ. ನಾನು ಕಿಟಕಿಯಿಂದ ನೋಡಿದ್ದೆ — ನೋಡಿದ್ದನ್ನು ಇಲ್ಲಿ ಬರೆಯಲಾರೆ. ಹಿರಿಯರು ನನ್ನನ್ನು ಸಾಕ್ಷಿಗೆ ಕರೆದರು. "ನೋಡ್ದ್ಯಾ?" ಎಂದರು. ಗದ್ದುಗೆಯ ಕಲ್ಲು ತಣ್ಣಗಿತ್ತು. "ಇಲ್ಲ" ಎಂದೆ.

ಯತೀಶನ ಟ್ರಂಕು ಮರುದಿನ ಜಗಲಿಗೆ ಬಂತು. ಅವನ ಮಾವ ಬಂದು ಕಪಾಳಕ್ಕೆ ಬಿಟ್ಟು ಕರೆದುಕೊಂಡು ಹೋದ. ಅವತ್ತು ಊಟಕ್ಕೆ ಗಂಗಾಧರಪ್ಪ ನನ್ನ ತಟ್ಟೆಗೆ ಎರಡು ಸೌಟು ಪಾಯಸ ಜಾಸ್ತಿ ಹಾಕಿದರು. ತಿಂದೆ.

ಅಮಾವಾಸ್ಯೆ ಬಂತು, ಹೋಯಿತು. ನನಗೆ ಜ್ವರ ಕೂಡ ಬರಲಿಲ್ಲ. ಗದ್ದುಗೆ ಸುಳ್ಳುಗಾರರನ್ನು ಹಿಡಿಯುವುದಿಲ್ಲ ಎಂದು ಆ ಮಠದಲ್ಲಿ ಖಚಿತವಾಗಿ ಗೊತ್ತಿದ್ದವರು ಇಬ್ಬರೇ. ನಾನು, ಗಂಗಾಧರಪ್ಪ.

ಮುಂದಿನ ವರ್ಷ ಶಾಲೆ ಬಿಟ್ಟೆ. ಗಣಿತ ತಲೆಗೆ ಹತ್ತಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಗಣಿತ ಚೆನ್ನಾಗಿಯೇ ಬರುತ್ತಿತ್ತು.

ಫೆಬ್ರವರಿ 2. ಭಾನುವಾರ

ಊರಿಗೆ ಹೋಗಿದ್ದೆ. ತಾಳಗುಂದದ ಹತ್ತಿರ ಇಳಿದು ನಡೆದೆ. ಅಪ್ಪ ಮನೆಯಲ್ಲಿರಲಿಲ್ಲ. ಕುರಿಮಂದೆ ಅಂಬ್ಲಿಗೊಳ ಡ್ಯಾಮಿನ ನೀರು ಹರಿಯುವ ಕಡೆ, ಮಠದ ಗದ್ದೆಯಲ್ಲಿದೆ. ಕೊಯ್ಲು ಮುಗಿದ ಮೇಲೆ ಪ್ರತಿ ವರ್ಷ ನಮ್ಮ ಕುರಿ ಅಲ್ಲೇ ಮಲಗುತ್ತವೆ. ಅವರಿಗೆ ಗೊಬ್ಬರ, ನಮಗೆ ಬೇಸಿಗೆಯ ಮೇವು.

ಮಧ್ಯಾಹ್ನ ಅಲ್ಲಿಗೇ ಹೋದೆ. ಅವ್ವ ರೊಟ್ಟಿ ಕಟ್ಟಿಕೊಟ್ಟಿದ್ದಳು.

"ಅಪ್ಪಾ, ಆ ಹುಡುಗ ಏನಂದ?"

"ಅವನ ಮಾತು ಯಾಕೋ? ಆಣೆ ಆಗೈತಲ್ಲ."

"ನೀನು ಕೇಳಿಸ್ಕೊಂಡ್ಯಾ?"

ಅಪ್ಪ ಮರಿಯೊಂದರ ಗೊರಸು ಹಿಡಿದು ಮುಳ್ಳು ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ. "ಕೇಳಿಸ್ಕಂಡೆ. ಸಣ್ಣ ಹುಡ್ಗ... ಅಳ್ತಿದ್ದ. ಗದ್ದುಗೆ ನೋಡ್ಕೋತೈತೆ ಬಿಡು."

ಗಂಗಾಧರಪ್ಪ ಈಗ ಎಲ್ಲಿದ್ದಾರೆ ಎಂದು ಕೇಳಿದೆ. ಹಾಸ್ಟೆಲಿನಲ್ಲೇ. ಬೆಳಿಗ್ಗೆ ಪ್ರಾರ್ಥನೆ ಅವರೇ ಹೇಳಿಸುತ್ತಾರೆ.

ನಾನು ಸುಳ್ಳು ಹೇಳಿದ್ದೆ ಎಂದು ಅಲ್ಲೇ ಅಪ್ಪನಿಗೆ ಹೇಳಬಹುದಿತ್ತು. ಕುರಿಗಳನ್ನು ನೋಡಿದೆ. ಗದ್ದೆ ನೋಡಿದೆ. ರೊಟ್ಟಿ ಕೊಟ್ಟು ಬಂದೆ.

ಫೆಬ್ರವರಿ 9. ಭಾನುವಾರ

ಸೊರಬಕ್ಕೆ ಹೋದೆ. ಹುಡುಗನ ತಾಯಿಯನ್ನು ಹುಡುಕಿದೆ. ರೋಜಾ ಎಂದು ಹೆಸರು. ಗಂಡ ಇಲ್ಲ, ಕೂಲಿ. ಅಣ್ಣನ ಮನೆಯಲ್ಲಿದ್ದಾಳೆ. ಹುಡುಗನ ಹೆಸರು ಗೊತ್ತಾಯಿತು. ಅದನ್ನು ಎಲ್ಲೂ ಬರೆಯುವುದಿಲ್ಲ, ಈ ಪುಸ್ತಕದಲ್ಲೂ. ಬಾಗಿಲ ಸಂದಿಯಿಂದ ನನ್ನನ್ನು ನೋಡಿ ಒಳಗೆ ಹೋದ.

ಮಠದ ಹಳೇ ಹುಡುಗ ಎಂದೆ. ಅವಳ ಮುಖ ಅರಳಿತು. ಅದನ್ನು ನೋಡಲಾಗಲಿಲ್ಲ.

"ಅಮಾಸೆವರೆಗೆ ಸುಮ್ನಿರು, ಎಲ್ಲೂ ಹೋಗ್ಬೇಡ ಅಂದಿದ್ದಾರೆ ಮಠದ ಕಮಿಟಿಯ ಪರಮಶಿವಪ್ಪೋರು. ನಾನೂ ಹೂಂ ಅಂದೆ ತಮ್ಮಾ. ಆದ್ರೆ ಹನ್ನೊಂದು ದಿನ ಆಯ್ತು. ಆ ಮನುಷ್ಯಂಗೆ ಒಂದು ಸೀನೂ ಬಂದಿಲ್ಲ."

"ಹೂಂ."

"ಇವನೇ ಸುಳ್ಳು ಹೇಳಿರಬಹುದಾ ಮಾರಾಯಾ? ಹೋಂವರ್ಕ್ ಮಾಡ್ಲಿಲ್ಲ ಅಂತ ಬೈದಿದ್ರಂತೆ, ಅದ್ಕೇ ಹಿಂಗೆ ಹೇಳ್ತಿದ್ದಾನೆ ಅಂತಾರೆ. ನೀನು ಅಲ್ಲೇ ಇದ್ದವ. ಗದ್ದುಗೆ ತಪ್ಪಲ್ಲ, ಅಲ್ದಾ?"

ಹೇಳಬೇಕಿತ್ತು. ಬಾಯಿಗೆ ಬಂತು ಕೂಡ... ಒಳಗೆ ಹುಡುಗ ಪಾತ್ರೆ ಬೀಳಿಸಿದ. ಅವಳು ಎದ್ದಳು. ನಾನು ಬಸ್ಸಿನ ಹೊತ್ತಾಯಿತು ಎಂದೆ. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು.

ಫೆಬ್ರವರಿ 10

ಎರಡು ಸೀಟು ತಪ್ಪಾಗಿ ಹೊಲಿದೆ. ಎರಡನ್ನೂ ಬಿಚ್ಚಿದೆ.

ಫೆಬ್ರವರಿ 18. ಮಂಗಳವಾರ

ಅಂಗಡಿಯ ಮಾಲೀಕ ಮುಜಾಹಿದ್ ಭಾಯ್. ನನಗೆ ಇಟ್ಟ ಹೆಸರು ಸಾಚಾ. ಹಿಂದಿನ ಬೀಜದ ಅಂಗಡಿಯಲ್ಲಿ ಈ ಜೋಳ ಹೋದ ವರ್ಷದ್ದು ಎಂದು ರೈತನಿಗೆ ಹೇಳಿ ಕೆಲಸ ಕಳೆದುಕೊಂಡೆ. ಅದಕ್ಕೂ ಮೊದಲು ಮೊಬೈಲ್ ಅಂಗಡಿ, ಅಲ್ಲೂ ಇದೇ ಕಥೆ.

"ಏನೋ ಸಾಚಾ, ಗಿರಾಕಿ ಮುಂದೆ ನಮ್ಮ ಸ್ಪಂಜಿನ ವಿಷಯ ಬಿಚ್ಚಬೇಡ ಮತ್ತೆ. ಒಂದು ವಾರದಿಂದ ಮಾತೇ ಇಲ್ಲ, ಲವ್ವಾ?"

ಭಾಯ್ ಅವರ ಅಕ್ಕ ಸಫೂರಾ ಊಟದ ಡಬ್ಬಿ ತಂದಿದ್ದರು. ಆಸ್ಪತ್ರೆಯಲ್ಲಿ ನರ್ಸು. ಅವರಿಗೆ ಹೇಳಿದೆ. ಎಲ್ಲ. ಯತೀಶನಿಂದ ಹಿಡಿದು. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಭಾಯ್ ಮೆಷಿನ್ನು ನಿಲ್ಲಿಸಿದರು.

"ಪೊಲೀಸಿಗೆ ಯಾರು ಹೇಳಿದ್ರು?"

"ಯಾರೂ ಇಲ್ಲ. ಅಮಾವಾಸ್ಯೆ ಆಗ್ಲಿ ಅಂತ..."

"ನೋಡೋ, ಮಗುವಿನ ವಿಷಯ ಇಂಥದ್ದು ಕಿವಿಗೆ ಬಿದ್ರೆ ತಿಳಿಸಲೇಬೇಕು. ನಾನಾಗ್ಲಿ, ನೀನಾಗ್ಲಿ, ಸ್ವಾಮಿಗಳಾಗ್ಲಿ, ಮೌಲ್ವಿಗಳಾಗ್ಲಿ. ನಿಜಾನೋ ಸುಳ್ಳೋ ಅಂತ ನೋಡೋದು ಅವರ ಕೆಲಸ, ನಮ್ದಲ್ಲ. ತಿಳಿಸ್ದೇ ಇರೋದೂ ಅಪರಾಧ. ನಿಂಗೆ ಯಾವತ್ತು ಗೊತ್ತಾಯ್ತು?"

"ಜನವರಿ ಮೂವತ್ತು."

ಬೆರಳಲ್ಲಿ ಎಣಿಸಿದರು. ಹತ್ತೊಂಬತ್ತು.

ಮೊದಲು ಹಿರಿಯರಿಗೆ ಹೇಳುತ್ತೇನೆ, ಗದ್ದುಗೆಯ ಪರೀಕ್ಷೆ ಸುಳ್ಳು ಎಂದು ಗೊತ್ತಾದರೆ ಅವರೇ ಠಾಣೆಗೆ ಹೋಗುತ್ತಾರೆ ಎಂದೆ.

"ಅಂದ್ರೆ ನೀನೂ ಅಮಾವಾಸ್ಯೆಗೇ ಕಾಯ್ತಿದ್ದೀಯ" ಎಂದರು. "ಇವತ್ತು ನನಗೂ ಗೊತ್ತಾಯ್ತು. ನಾನು ಸಂಜೆನೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡ್ತೀನಿ. ಆದ್ರೆ ನಾನು ಕೇಳಿದವಳು. ನೀನು ನೋಡಿದವನು."

ಫೆಬ್ರವರಿ 22

ಶಿವಮೊಗ್ಗದಿಂದ ಸಹಾಯವಾಣಿಯ ಇಬ್ಬರು ಬಂದು ಹೋದರಂತೆ. ಹುಡುಗ ಸಂಬಂಧಿಕರ ಮನೆಗೆ ಹೋಗಿದ್ದಾನೆ, ದೂರು ಯಾರದ್ದೂ ಇಲ್ಲ ಎಂದು ಮಠದಲ್ಲಿ ಹೇಳಿ ಕಾಫಿ ಕೊಟ್ಟು ಕಳಿಸಿದ್ದಾರೆ. ರೋಜಾಳ ಮನೆಗೆ ಯಾರೂ ದಾರಿ ತೋರಿಸಿಲ್ಲ. ಅವರು ಮತ್ತೆ ಬರುತ್ತಾರಂತೆ. ಯಾವಾಗ ಗೊತ್ತಿಲ್ಲ.

ನಾನು ದಾರಿ ಬಲ್ಲೆ. ಆದರೂ ಕೂತಿದ್ದೇನೆ. ಕಾರಣ ಬರೆದುಬಿಡುತ್ತೇನೆ. ಕುರಿ ಮಠದ ಗದ್ದೆಯಲ್ಲಿವೆ. ಬೇರೆ ಕಾರಣವಿಲ್ಲ.

ಫೆಬ್ರವರಿ 27. ಗುರುವಾರ. ಅಮಾವಾಸ್ಯೆ

ಬೆಳಿಗ್ಗೆ ಹತ್ತಕ್ಕೆ ಮಠದ ಹಾಲ್‌ನಲ್ಲಿ ಸಭೆ. ಶಿವರಾತ್ರಿಯ ಹೂವು ಇನ್ನೂ ತೆಗೆದಿರಲಿಲ್ಲ. ಹನ್ನೊಂದು ಜನ ಚಾಪೆಯ ಮೇಲೆ, ಅಪ್ಪ ಕೊನೆಗೆ. ಬುದ್ಧಿಯವರು — ಸ್ವಾಮಿಗಳನ್ನು ಎಲ್ಲರೂ ಹಾಗೇ ಕರೆಯುವುದು — ಪೀಠದ ಮೇಲೆ. ಗಂಗಾಧರಪ್ಪ ಬಿಳಿ ಪಂಚೆ. ತಟ್ಟೆಯಲ್ಲಿ ಹಾರ ರೆಡಿ. ರೋಜಾ ಮಗನೊಡನೆ ಬಾಗಿಲ ಹೊರಗೆ.

ಕಮಿಟಿಯ ಅಧ್ಯಕ್ಷ ಪರಮಶಿವಪ್ಪ ಎದ್ದರು. "ಗದ್ದುಗೆ ಮಾತಾಡೈತೆ. ಗಂಗಾಧರಪ್ಪಗೆ ಒಂದು ತಲೆನೋವೂ ಬಂದಿಲ್ಲ. ಇನ್ನು ಈ ಮಾತು ಮುಗೀತು."

"ನಾನೊಂದು ಹೇಳ್ಬೇಕ್ರೀ" ಎಂದೆ.

"ಯಾರೋ ನೀನು?"

"ಉಜ್ಜಪ್ಪನ ಮಗ, ತಿಪ್ಪೇಶ. ಏಳು ವರ್ಷದ ಹಿಂದೆ ಇದೇ ಗದ್ದುಗೆ ಮುಟ್ಟಿ ಸುಳ್ಳು ಹೇಳೀನಿ. ನನಗೇನೂ ಆಗಿಲ್ಲ. ಹಂಗಾಗಿ ಇವರಿಗೆ ಏನೂ ಆಗಿಲ್ಲ ಅನ್ನೋದು ಸಾಕ್ಷಿ ಅಲ್ರೀ."

ಹಿರಿಯರಲ್ಲಿ ಒಬ್ಬರಾದ ಹನುಮಂತಪ್ಪಜ್ಜ ನಕ್ಕರು. ಹಲ್ಲಿಲ್ಲದ ನಗು. "ಏನೂ ಆಗಿಲ್ವಾ? ಓದು ಹತ್ತಲಿಲ್ಲ. ಯಾವ ಅಂಗಡಿಯಾಗೂ ನಿಲ್ಲಲಿಲ್ಲ. ಆ ವರ್ಷ ನಿಮ್ಮಪ್ಪನ ನಲವತ್ತು ಕುರಿ ನಾಲಿಗೆ ನೀಲಿಯಾಗಿ ಮಲಗಿದ್ವಲ್ಲೋ! ಇನ್ನೇನಾಗ್ಬೇಕಿತ್ತು ನಿಂಗೆ?"

ಹಾಲ್ ತುಂಬ ಒಂದೇ ಉಸಿರು. ಎಲ್ಲರೂ ಗದ್ದುಗೆಯತ್ತ ಕೈಮುಗಿದರು. ಆ ವರ್ಷ ನೀಲಿ ನಾಲಿಗೆ ರೋಗಕ್ಕೆ ತಾಲ್ಲೂಕಿನ ಎಲ್ಲರ ಕುರಿಗಳೂ ಸತ್ತಿದ್ದವು. ಅದನ್ನು ಯಾರೂ ಹೇಳಲಿಲ್ಲ. ಅಪ್ಪನನ್ನು ನೋಡಿದೆ. ಅಪ್ಪನೂ ಕೈಮುಗಿದಿದ್ದರು. ಕಣ್ಣು ನನ್ನ ಮೇಲೆ.

ನನ್ನ ಮಾತೇ ಗದ್ದುಗೆಗೆ ಸಾಕ್ಷಿಯಾಗಿಬಿಟ್ಟಿತು. ಒಂದು ಕ್ಷಣ ನನಗೂ ಹಾಗೇ ಅನ್ನಿಸಿತು — ಆ ಕುರಿಗಳು ನನ್ನಿಂದಲೇ ಸತ್ತವೇನೋ ಎಂದು. ಆಮೇಲೆ ಹೊಳೆಯಿತು.

"ಹಂಗಾದ್ರೆ ನನ್ನ ಆಣೆ ಸುಳ್ಳು ಅಂತ ನೀವೆಲ್ಲ ಒಪ್ಪಿದ್ರಿ, ಹೌದಲ್ರೀ? ನೋಡಿಲ್ಲ ಅಂತ ಆಣೆ ಮಾಡಿದ್ದೆ. ಅದು ಸುಳ್ಳು ಅಂದ್ರೆ ನೋಡೀನಿ. ಯತೀಶ ಹೇಳಿದ್ದು ನಿಜ. ಇವರು ಏಳು ವರ್ಷದ ಹಿಂದೆನೇ..."

ಮುಂದೆ ಹೇಳಲಾಗಲಿಲ್ಲ. ಬೇಕಾಗಿಯೂ ಇರಲಿಲ್ಲ. ಗಂಗಾಧರಪ್ಪ ಹಾರದ ತಟ್ಟೆಯನ್ನೇ ನೋಡುತ್ತಿದ್ದರು. ಬುದ್ಧಿಯವರು ಕಣ್ಣು ಮುಚ್ಚಿದರು.

ಪರಮಶಿವಪ್ಪ ಗಡಿಯಾರ ನೋಡಿದರು. "ಮಂಗಳಾರತಿ ಹೊತ್ತಾತು. ಏಳ್ರಪ್ಪಾ."

ಗಂಟೆ ಬಾರಿಸಿದರು. ಅಷ್ಟೇ.

ಮೆಟ್ಟಿಲ ಹತ್ತಿರ ಪರಮಶಿವಪ್ಪ ನನ್ನ ತೋಳು ಹಿಡಿದರು. ಬೈಗುಳವಿಲ್ಲ, ಮೆತ್ತಗೆ. "ತಮ್ಮಾ, ಮುನ್ನೂರು ಮಕ್ಕಳು ಇಲ್ಲಿ ಎರಡು ಹೊತ್ತು ಉಣ್ತಾವೆ. ನೀನೂ ಉಂಡವ. ಪೊಲೀಸು ಗಿಲೀಸು ಅಂದ್ರೆ ಒಲೆ ಆರ್ತೈತೆ. ವಾರ್ಡನ್ನ ನಾವೇ ಬೇರೆ ಊರಿನ ಹಾಸ್ಟೆಲ್ಗೆ ಕಳಿಸ್ತೀವಿ. ಸಾಕಲ್ಲ?"

ಅಲ್ಲೂ ಹುಡುಗರಿರುತ್ತಾರಲ್ಲ ಎಂದೆ. ತೋಳು ಬಿಟ್ಟರು.

ಗೇಟಿನ ಬಳಿ ರೋಜಾ. "ನೀನು ನೋಡಿದ್ಯಾ?"

ಹೂಂ ಎಂದೆ.

"ಅವತ್ತು ನಮ್ಮನೆ ಜಗಲಿ ಮೇಲೆ ಕೂತಿದ್ಯಲ್ಲ. ಅವತ್ತೂ ಗೊತ್ತಿತ್ತಾ?"

"ಗೊತ್ತಿತ್ತು."

"ಆಮೇಲೆ ಎರಡು ಸಲ ಹೊಡ್ದಿದೀನಿ ಇವನ್ನ. ಸುಳ್ಳು ಹೇಳಿ ಮಾನ ಕಳೆದೆ ಅಂತ. ಸೌದೆಯಾಗೆ."

ಹುಡುಗ ನನ್ನ ಚಪ್ಪಲಿ ನೋಡುತ್ತಿದ್ದ.

ಫೆಬ್ರವರಿ 28. ಶುಕ್ರವಾರ

ಠಾಣೆಗೆ ಹೋದೆವು. ಸಫೂರಾ ಅಕ್ಕ, ರೋಜಾ, ಹುಡುಗ, ನಾನು. ಹುಡುಗನನ್ನು ಬೇರೆ ಕೋಣೆಗೆ ಕರೆದೊಯ್ದರು, ಯೂನಿಫಾರಂ ಇಲ್ಲದ ಒಬ್ಬ ಮೇಡಂ. ಬಿಸ್ಕತ್ತು ಕೊಟ್ಟರು. ತಿನ್ನಲಿಲ್ಲ, ಜೇಬಿಗೆ ಹಾಕಿಕೊಂಡ.

ನನ್ನ ಹೇಳಿಕೆಯನ್ನು ನಾನೇ ಬರೆದೆ. ನಾಲ್ಕು ಪುಟ. ಕಿಟಕಿಯಿಂದ ನೋಡಿದ್ದನ್ನೂ ಬರೆದೆ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದರು ಆ ಕೋಣೆಯಿಂದ ಬಂದ ಮೇಡಂ.

"ಹೆದರಿದ್ದೆ."

"ಅದನ್ನೂ ಬರಿ."

ಬರೆದೆ. ಆಮೇಲೆ ಇನ್ನೊಂದು ಪ್ರಶ್ನೆ. ಗೊತ್ತಿದ್ದೂ ತಿಳಿಸದೆ ಇದ್ದವರು ಯಾರ್ಯಾರು?

ಪೆನ್ನು ನಿಂತಿತು. ಸಫೂರಾ ಅಕ್ಕ ಬೇರೆ ಕಡೆ ನೋಡಿದರು. ಹತ್ತು ಹೆಸರು ಬರೆದು ನಿಲ್ಲಿಸಬಹುದಿತ್ತು. ಹನ್ನೊಂದನೆಯವರು ಮೂಲೆಯಲ್ಲಿ ಕೂತ ಕುರಿ ಕಾಯುವವರು, ಅವರನ್ನು ಯಾರು ಕೇಳುತ್ತಿದ್ದರು. ಆದರೆ ಹುಡುಗ ಅತ್ತಿದ್ದನ್ನು ನನಗೆ ಹೇಳಿದವರು ಅವರೇ.

ಮೊದಲು ನನ್ನ ಹೆಸರು ಬರೆದೆ. ಆಮೇಲೆ ಬುದ್ಧಿಯವರು, ಪರಮಶಿವಪ್ಪ... ಕೊನೆಗೆ ಉಜ್ಜಪ್ಪ. ತಂದೆ ಎಂದು ಸೇರಿಸಿದೆ.

ಸಂಜೆ ಗಂಗಾಧರಪ್ಪನನ್ನು ಕರೆದೊಯ್ದರು.

ಮಾರ್ಚ್ 3. ಸೋಮವಾರ

ಪೇಪರಿನಲ್ಲಿ ಮಠದ ಹೇಳಿಕೆ. "ವಿಷಯ ತಿಳಿದ ಕೂಡಲೇ ಮಠವು ಕಾನೂನಿಗೆ ಸಹಕರಿಸಿದೆ." ತಿಳಿದ ಕೂಡಲೇ! ಭಾಯ್ ಆ ಪೇಪರನ್ನು ಸೀಟಿನ ಧೂಳು ಒರೆಸಲು ತೆಗೆದುಕೊಂಡರು.

ಮಠದವರು ಗದ್ದೆಯಿಂದ ನಮ್ಮ ಮಂದೆ ಎಬ್ಬಿಸಿದ್ದಾರೆ. ಅಪ್ಪನನ್ನು ಠಾಣೆಗೆ ಕರೆದು ಕೇಳಿದ್ದಾರೆ. ಫೋನು ಮಾಡಿದೆ. ಅವ್ವ ಎತ್ತಿದಳು.

"ಸಾಲಾಗಿ ಬಿದ್ದಿದ್ವು ಕಣೋ ನಲವತ್ತೂ. ಒಂದೊಂದಕ್ಕೂ ಅರಿಶಿನ ಹಚ್ಚಿದ್ದೆ ನಾನು. ನಿನ್ನಿಂದ ಅಂತ ಗೊತ್ತಿರ್ಲಿಲ್ಲ."

"ಅದು ರೋಗ ಅವ್ವಾ. ಡಾಕ್ಟ್ರು ಹೇಳಿರ್ಲಿಲ್ವಾ?"

"ಅಪ್ಪನ ಹೆಸರು ಬರೆದ ಕೈ ಅದು. ಈ ಮನೆಯಾಗೆ ಉಣ್ಣಬೇಡ ಕೆಲವು ದಿನ."

ಅಪ್ಪ ಹಿಂದೆ ಕೆಮ್ಮಿದ್ದು ಕೇಳಿಸಿತು.

ಮಾರ್ಚ್ 5

ಯತೀಶನ ನಂಬರ್ ಅವನ ಮಾವನಿಂದ ಸಿಕ್ಕಿತು. ದಾವಣಗೆರೆಯಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ನನ್ನ ಹೆಸರು ಹೇಳಿದೆ. ಕೇಳಿಸಿಕೊಂಡ. ಹಾರ್ನುಗಳು. "ಏಳು ವರ್ಷ ಆದ್ಮೇಲೆ ನೆನಪಾತಾ?" ಎಂದ. ಕಟ್.

ಮತ್ತೆ ಮಾಡಲಿಲ್ಲ. ಅವನು ಠಾಣೆಗೆ ಬರಬೇಕು ಎಂದು ಕೇಳುವ ಹಕ್ಕು ನನಗಿಲ್ಲ. ಆದರೆ ನಾನು ಸುಳ್ಳು ಹೇಳಿದ್ದು ಅವನ ಮೇಲೆ. ಹಿರಿಯರಿಗೆ ಹೇಳಿದೆ, ಪೊಲೀಸರಿಗೆ ಹೇಳಿದೆ, ಅವನಿಗೆ ಮಾತ್ರ ಇನ್ನೂ ಹೇಳಿಲ್ಲ.

ಮಾರ್ಚ್ 8. ಶನಿವಾರ. ಸಂಜೆ 5

ಯತೀಶನೇ ಫೋನ್ ಮಾಡಿದ.

"ಪೇಪರ್ ನೋಡ್ದೆ. ಆ ಹುಡ್ಗ ಹೆಂಗಿದಾನೆ?"

ಗೊತ್ತಿಲ್ಲ ಎಂದೆ. ಬೇರೆ ಶಾಲೆಗೆ ಸೇರಿಸುತ್ತಾರಂತೆ ಎಂದೆ.

"ಅವನನ್ನಾದ್ರೂ ಯಾರಾದ್ರೂ ನಂಬಿದ್ರಲ್ಲ." ಎಂದ. ಮತ್ತೆ — "ಫೋನಾಗೆ ಬೇಡ. ಎದುರಿಗೆ ಬಂದು ಹೇಳು. ನಿನ್ನ ಮುಖ ನೋಡ್ಬೇಕು. ಆಮೇಲೆ ಹೊಡಿತೀನೋ, ಠಾಣೆಗೆ ಬರ್ತೀನೋ, ನಂಗೇ ಗೊತ್ತಿಲ್ಲ."

ಭಾಯ್‌ಗೆ ರಜೆ ಕೇಳಿದೆ. ಎಷ್ಟು ದಿನ ಎಂದರು. ಗೊತ್ತಿಲ್ಲ ಎಂದೆ. "ಇದೊಂದಕ್ಕಾದ್ರೂ ಸುಳ್ಳು ಹೇಳೋ, ಎರಡು ದಿನ ಅನ್ನು" ಎಂದರು.

ಶರ್ಟು ಒಗೆದು ಹಾಕಿದ್ದೇನೆ. ನಾಳೆ ಬೆಳಿಗ್ಗೆ ಆರೂವರೆಯ ದಾವಣಗೆರೆ ಬಸ್ಸಿಗೆ ಹೊರಡುತ್ತೇನೆ.