ಬಚ್ಚಲ ಮೆಟ್ಟಿಲಿನ ಹಿಡಿಕಂಬಿ

ಹಿತ್ತಲ ಶೆಡ್ಡು,
ಮಾರ್ಚ್ ೯, ಶನಿವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಗೋದಾಮಿನ ಧೂಳಿಗೆ ನಿನ್ನ ಹಳೆಯ ಕೆಮ್ಮು ಮರುಕಳಿಸಿಲ್ಲ ತಾನೆ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಮಾತ್ರ ಬಂದ ನೆಂಟನ ಹಾಗೆ ಹೊರಡುವ ಮಾತೇ ಆಡುತ್ತಿಲ್ಲ.

ಹೋದ ವಾರ ಅವಳು ಬಚ್ಚಲ ಮೆಟ್ಟಿಲಲ್ಲಿ ಜಾರಿದಳು. ಗಾಬರಿಯಾಗಬೇಡ, ಮೊಣಕೈ ತರಚಿತು, ಅಷ್ಟೇ. ಅದಕ್ಕೇ ಒಂದು ಹಿಡಿಕಂಬಿ ಮಾಡಲು ಕೂತೆ. ಗುಜರಿಯವನ ಹತ್ತಿರ ಮುರಿದ ಕಬ್ಬಿಣದ ಮಂಚ ಸಿಕ್ಕಿತು. ತಲೆಭಾಗದ ಪೈಪು ಇನ್ನೂ ಗಟ್ಟಿಯಾಗಿತ್ತು. ಬಣ್ಣ ಕೆರೆದು, ಗರಗಸದಲ್ಲಿ ಕುಯ್ದು ಅಳತೆಗೆ ತಂದೆ. ಕಬ್ಬಿಣ ಕುಯ್ಯುವ ಗ್ರೈಂಡರಿನ ಡಿಸ್ಕ್ ಸಿಡಿದು ನನ್ನ ಎಡಗಣ್ಣು ಹೋದ ದಿನದಿಂದ ಅದನ್ನು ಮುಟ್ಟಿಲ್ಲ. ಆದರೆ ವೆಲ್ಡಿಂಗಿಗೆ ಇಬ್ಬರು ಬೇಕಲ್ಲ. ನೀನು ಪೈಪು ಹಿಡಿದು "ಹೂಂ" ಅನ್ನುತ್ತಿದ್ದೆ, ನಾನು ಟ್ಯಾಕ್ ಹೊಡೆದು ಬೆಸೆಯುತ್ತಿದ್ದೆ. ಈಗ ಇಟ್ಟಿಗೆ ಪೇರಿಸಿ, ತಂತಿ ಬಿಗಿದು ಪೈಪು ನಿಲ್ಲಿಸಿದೆ. ನಿಲ್ಲಿಸಿ, ಅಭ್ಯಾಸಬಲ ನೋಡು, ನಿನ್ನ ಹೂಂಕಾರಕ್ಕೆ ಕಾಯುತ್ತಾ ನಿಂತುಬಿಟ್ಟೆ. ಇಟ್ಟಿಗೆ ಎಲ್ಲಿ ಹೂಂ ಅನ್ನುತ್ತದೆ? ಅಳು ಬಂತು ಅಣ್ಣಾ. ಈ ಶೆಡ್ಡಿನಲ್ಲಿ ಒಬ್ಬನೇ ಇರುವುದು ನನ್ನ ಕೈಲಾಗುತ್ತಿಲ್ಲ.

ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ, ವೆಲ್ಡಿಂಗ್ ರಾಡು ಬೆರಳಷ್ಟು ಆಚೆ ತಗಲುತ್ತದೆ. ಹಾಗಾಗಿ ಕಂಬಿಯ ಒಂದು ತುದಿ ಕೊಂಚ ಇಳಿದಿದೆ. ಗೋಡೆಯೇ ಓರೆ ಎಂದು ವಾದಿಸಿದೆ. ಅಮ್ಮ ಬಿಡುತ್ತಾಳೆಯೇ? "ಕುಣೀಲಾರದೋಳು ನೆಲ ಡೊಂಕು ಅಂದಳಂತೆ" ಎಂದು ನಕ್ಕಳು. ಆಮೇಲೆ ಕಂಬಿ ಹಿಡಿದುಕೊಂಡೇ, "ದೊಡ್ಡವನಿದ್ದಿದ್ರೆ ನೇರ ಆಗ್ತಿತ್ತು" ಎಂದಳು.

ನೀನು ಹೋಗಿ ಏಳು ತಿಂಗಳಾಯಿತು. "ಎಸೆದೆ ಅಂದ್ಕೊಂಡು ಬಿರುಕು ಬಿಟ್ಟ ಡಿಸ್ಕನ್ನೇ ಹಾಕ್ಬಿಟ್ನಲ್ಲೋ, ಇನ್ನು ಈ ಕೈಯಲ್ಲಿ ಕಬ್ಬಿಣ ಮುಟ್ಟಲ್ಲ" ಎಂದು ನೀನು ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತು ಅತ್ತಿದ್ದೆ. ನಾನು ಮನೆಗೆ ಬರುವ ಮುಂಚೆಯೇ ನೀನು ಗಂಟುಮೂಟೆ ಕಟ್ಟಿದೆ. ಕಬ್ಬಿಣ ಬಲ್ಲ ಆ ಕೈ ಈಗ ಗೋದಾಮಿನಲ್ಲಿ ಮೂಟೆ ಎಣಿಸುತ್ತಿದೆ.

ಅಮ್ಮನ ಆಶೀರ್ವಾದ ಈ ಕಾಗದದಲ್ಲೇ ಇದೆ, ಈಗಷ್ಟೇ ಬಂದು ಇದರ ಮೇಲೆ ಕೈಯಾಡಿಸಿದ್ದಾಳೆ. ನನ್ನ ನಮಸ್ಕಾರ.

ನಿನ್ನ ತಮ್ಮ,
ತುಕ್ಕು
(ಈಗ ಹಾಗೆ ಕರೆಯುವವರೇ ಇಲ್ಲ)

ತಾ.ಕ.: ಅಂಚೆಯವನು ಡಬ್ಬಿ ತೆರೆಯುವ ಹೊತ್ತಾಯಿತು, ಒಂದೇ ಉಸಿರಿಗೆ ಬರೆಯುತ್ತೇನೆ. ಅವತ್ತು ನೀನು ಹಾಕಿದ್ದು ಹೊಸ ಡಿಸ್ಕನ್ನೇ. ಬಿರುಕು ಬಿಟ್ಟಿದ್ದನ್ನು ನೀನು ಎಸೆದೇ ಬಿಟ್ಟಿದ್ದೆ. ಗುಜರಿಯಿಂದಲೇ ಬದುಕುವ ಮನೆಯಲ್ಲಿ ಎಸೆಯುವುದೆಂದರೇನು ಎಂದು ಅದನ್ನು ಕಸದಿಂದ ಆರಿಸಿಕೊಂಡವನು ನಾನು. ಹೊಸದು ಉಳಿಯಲಿ ಎಂದು ನೀನು ಆಚೆ ಹೋದಾಗ ಬದಲಾಯಿಸಿದವನೂ ನಾನೇ. ನೀನು ಅಳುತ್ತಿದ್ದಾಗ ನನಗೆ ನಿದ್ದೆ ಬಂದಿರಲಿಲ್ಲ ಅಣ್ಣಾ, ಎಲ್ಲಾ ಕೇಳಿಸಿಕೊಳ್ಳುತ್ತಾ ಸುಮ್ಮನೆ ಮಲಗಿದ್ದೆ. ಬೈಯುವುದಿದ್ದರೆ ಬಂದು ಬೈ.