ರೇಡಿಯಲ್ ಮುಂದೋ ಹಿಂದೋ

೧೧ ನವೆಂಬರ್ ೧೯೭೯, ಭಾನುವಾರ

ನೆರೆದಿರುವ ಮಹನೀಯರೇ, ಮಾತೆಯರೇ, ಮುಂದಿನ ಚಾಪೆಯಲ್ಲಿ ಕಿತ್ತಾಡುತ್ತಿರುವ ಮಕ್ಕಳೇ! ಸದ್ದು... ಸದ್ದು! ಹದಿನಾರು ವರ್ಷ ಕಂಪನಿ ನಾಟಕದಲ್ಲಿ ರಾಜನ ಪಾರ್ಟು ಮಾಡಿದ ಈ ಹಾಲಸ್ವಾಮಿ, ಹೊನ್ನಾಳಿ ಬಸ್ ಸ್ಟ್ಯಾಂಡ್ ಪಕ್ಕದ ತನ್ನ ಟೈರ್ ಅಂಗಡಿಯಲ್ಲಿ ಈವತ್ತು ಎಂಟು ಪಂಕ್ಚರ್ ಹಾಕಿದ. ಎರಡು ಲಾರಿ, ಒಂದು ಟ್ರ್ಯಾಕ್ಟರ್, ಉಳಿದವು ಸೈಕಲ್. ಚಪ್ಪಾಳೆ ಇಲ್ಲ. ಡೈರಿಗೆ ಕೈ ಎಲ್ಲಿಂದ ಬರಬೇಕು.

ಸಂಜೆ ನಾಲ್ಕಕ್ಕೆ ರಂಗಪ್ರವೇಶ — ಕೆಂಪು ಕಾರು! ಮೇಲೆ ಟಾಪು ಇಲ್ಲ, ಸೀಟು ಎರಡೇ. ಚನ್ನಗಿರಿಯ ಅಡಿಕೆ ಮಂಡಿ ಜಯದೇವಪ್ಪನವರು ಕಾಫಿ ಎಸ್ಟೇಟಿನ ಯಾರೋ ದೊರೆಯಿಂದ ಕೊಂಡಿದ್ದಾರಂತೆ. ಬಸ್ಸು ಕಾಯುತ್ತಿದ್ದವರೆಲ್ಲ ಎದ್ದು ಬಂದರು. ಫೆಬ್ರವರಿಯಲ್ಲಿ ಮದರಾಸಿನ ಹತ್ತಿರ ಷೋಳಾವರಂನಲ್ಲಿ ರೇಸು. ಹಳೇ ವಿಮಾನದ ರನ್‌ವೇ ಮೇಲೆ.

"ಹಾಲಸ್ವಾಮಿಯೋರೆ, ಚಕ್ರ, ಟೈರು ಎಲ್ಲಾ ನಿಮ್ ಜವಾಬ್ದಾರಿ" ಅಂದರು. "ಇದ್ರಾಗೇ ಮದ್ರಾಸಿಗೆ ಹೋಗೋದು. ಪಕ್ಕದ ಸೀಟಿಗೆ ಟೈರಿನೋರೇ ಬರ್ಬೇಕು. ರೇಸಿನ ದಿನ ಕೈಗೆ ಸಿಗಬೇಕಲ್ಲ."

ಆ ಸೀಟು ನನ್ನದು. ಕೂತು ನೋಡಿದೆ. ಹೊಟ್ಟೆ ಸ್ವಲ್ಪ ಬಿಗಿ. ಆದರೂ ನನ್ನದು.

೧೮ ನವೆಂಬರ್, ಭಾನುವಾರ

ಈ ಕಾರಿಗೆ ಇರುವುದು ತಂತಿ ಚಕ್ರ. ಸೈಕಲ್ಲಿನಂತೆ ಕಡ್ಡಿಗಳು, ಒಂದೊಂದಕ್ಕೂ ಕನ್ನಡಿಯ ಹೊಳಪು. ಮೂರು ದಿನ ಬೂದಿ ಹಾಕಿ ತಿಕ್ಕಿದೆ. ಬಿಸಿಲಿಗೆ ನಿಲ್ಲಿಸಿದರೆ — ಅಬ್ಬಾ, ಅರಮನೆ ಸೀನು!

ಜಯದೇವಪ್ಪನವರು ಇನ್ನೊಬ್ಬನನ್ನು ಕರೆತಂದರು. ನ್ಯಾಮತಿಯ ಮೂಕಪ್ಪ. ಮಿಲಿಟರಿಯಲ್ಲಿ ಹನ್ನೆರಡು ವರ್ಷ ಗಾಡಿ ರಿಪೇರಿ ಮಾಡಿದವನಂತೆ. ನಮಸ್ಕಾರ ಇಲ್ಲ, ಮಾತಿಲ್ಲ. ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಕಡ್ಡಿಯನ್ನು ಸ್ಪ್ಯಾನರಿನಿಂದ ತಟ್ಟಿದ. ಟಿಂಗ್... ಟಿಂಗ್... ಟಪ್. ಟಪ್ ಅಂದಲ್ಲೆಲ್ಲ ಸುಣ್ಣದ ಗುರುತು. ಹನ್ನೊಂದು ಗುರುತು.

"ಇವು ಮೆರವಣಿಗೀಗೆ ಸೈ ಸಾವ್ಕಾರ್ರೆ" ಅಂದ. "ಜೋರಾಗಿ ತಿರುಗಿಸಿದ್ರೆ ತಾಳಲ್ಲ. ತಗಡಿನ ಡಿಸ್ಕ್ ಚಕ್ರ ಹಾಕ್ರಿ. ದಾವಣಗೆರೆ ಲೇತಿನಾಗೆ ಒಂದಿಂಚು ಅಗಲ ಮಾಡಿಸ್ತೀನಿ."

ನಾನು ಅರ್ಧ ಗಂಟೆ ಮಾತಾಡಿದೆ. ಕೈಯೆತ್ತಿ, ದನಿಯೆತ್ತಿ. ಟೀ ಅಂಗಡಿಯವನು ಸ್ಟೋವ್ ಆರಿಸಿ ಕೇಳಿದ. ಮೂಕಪ್ಪ ಹೇಳಿದ್ದು ನಾಲ್ಕೇ ಮಾತು. ಜಯದೇವಪ್ಪನವರು ಅವನ ಹೆಗಲ ಮೇಲೆ ಕೈ ಇಟ್ಟರು.

ನನ್ನ ಹೆಗಲ ಮೇಲೆ ಈವರೆಗೆ ಇಟ್ಟಿಲ್ಲ.

೨ ಡಿಸೆಂಬರ್, ಭಾನುವಾರ

ಡಿಸ್ಕ್ ಚಕ್ರ ಬಂತು. ಕಪ್ಪಗೆ, ಒಲೆಯ ಮೇಲಿನ ಹಂಚಿನಂತಿದೆ. ಮದರಾಸಿನಿಂದ ಟೈರೂ ಬಂತು. ರೇಡಿಯಲ್ ಅಂತೆ, ಹೊರದೇಶದ್ದು. ನಾಲ್ಕು ಕೇಳಿದರೆ ಸಿಕ್ಕಿದ್ದು ಒಂದೇ ಜೋಡಿ. ಹವಾ ತುಂಬಿದರೂ ಪಕ್ಕೆ ಉಬ್ಬಿಸಿಕೊಂಡು ಕೂರುತ್ತದೆ, ಉಂಡವರ ಹಾಗೆ. ಉಳಿದೆರಡಕ್ಕೆ ನಮ್ಮ ಮಾಮೂಲಿ ನೈಲಾನ್ ಟೈರೇ ಗತಿ.

ಈಗ ಪ್ರಶ್ನೆ — ರೇಡಿಯಲ್ ಮುಂದೋ? ಹಿಂದೋ?

ಇದೂ ಒಂದು ಪ್ರಶ್ನೆಯೇ! ಇಲ್ಲಿಂದ ಬೊಂಬಾಯಿವರೆಗೆ ಯಾವ ಲಾರಿಯವನನ್ನು ಬೇಕಾದರೂ ನಿಲ್ಲಿಸಿ ಕೇಳಲಿ. ಹೊಸ ಟೈರು ಮುಂದಕ್ಕೆ, ಸವೆದು ರೀಸೋಲ್ ರಬ್ಬರು ಹಾಕಿಸಿದ್ದು ಹಿಂದಕ್ಕೆ. ಮುಂದಿನದು ಸಿಡಿದರೆ ಡ್ರೈವರ್ ಉಳಿಯುವುದಿಲ್ಲ. ಇಪ್ಪತ್ತು ವರ್ಷದಿಂದ ನಾನು ಬೇರೆ ಥರ ಹಾಕಿಲ್ಲ.

ಮೂಕಪ್ಪ ತಲೆ ಅಲ್ಲಾಡಿಸಿದ. "ಲಾರಿ ಮಾತು ಬ್ಯಾರೆ, ಹಾಲಣ್ಣ. ರೇಡಿಯಲ್ ನೆಲ ಬಿಡಲ್ಲ. ಮುಂದಿಂದು ಹಿಡ್ಕೊಂಡು ಹಿಂದಿಂದು ಬಿಡ್ತು ಅಂದ್ರೆ ಗಾಡಿ ಬುಗುರಿ ಆಗ್ತೈತೆ. ಹಿಂದಕ್ಕೇ ಹಾಕ್ಬೇಕು."

"ನಿನ್ ಮಿಲಿಟರಿ ಟ್ಯಾಂಕಿಗೆ ಟೈರೇ ಇರಲ್ಲವಲ್ಲೋ!" ಅಂದೆ. ನಿಂತವರೆಲ್ಲ ನಕ್ಕರು. ಅವನೂ ನಕ್ಕ. ಅದೇ ತಾಳಲಾಗಲಿಲ್ಲ.

ಜಯದೇವಪ್ಪನವರು: "ಮೂಕಪ್ಪ ಹೇಳ್ದಂಗೆ ಮಾಡ್ರಿ." ಹೊರಡುವಾಗ ಅವನನ್ನು ನ್ಯಾಮತಿವರೆಗೆ ಬಿಟ್ಟು ಬರುತ್ತೇನೆ ಅಂದರು. ಎರಡನೇ ಸೀಟಿನಲ್ಲಿ ಅವನು ಕೂತ. ಸಣ್ಣ ಆಳು. ಹೊಟ್ಟೆ ಇಲ್ಲ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತ.

೫ ಜನವರಿ ೧೯೮೦, ಶನಿವಾರ

ನಾಳೆ ಜಗಳೂರಿನಾಚೆಯ ಬಯಲಲ್ಲಿ ಟ್ರಯಲ್. ಕಲ್ಲು ಆರಿಸಿ ಡ್ರಮ್ಮುಗಳನ್ನು ಇಡಲು ಮೂಕಪ್ಪ ನಿನ್ನೆಯೇ ಹೋಗಿದ್ದಾನೆ. ಕಾರು ನನ್ನ ಅಂಗಡಿಯಲ್ಲಿ. ನಾನೊಬ್ಬನೇ.

ರೇಡಿಯಲ್ ಮುಂದಕ್ಕೆ ಹಾಕಿದೆ.

ಕಳ್ಳತನವಲ್ಲ. ಸರಿಯಾದದ್ದನ್ನೇ ಮಾಡಿದ್ದೇನೆ. ಕಾರು ಚೆನ್ನಾಗಿ ಓಡಲಿ. ಓಡಿದ ಮೇಲೆ ಎಲ್ಲರೆದುರು ಹೇಳುತ್ತೇನೆ — ಸಾವ್ಕಾರ್ರೆ, ಬಗ್ಗಿ ನೋಡ್ರಿ, ಇದು ಯಾರ ಲೆಕ್ಕ? ಆಗ ಅವನ ಮುಖ ನೋಡಬೇಕು.

೬ ಜನವರಿ

ಜಗಳೂರು. ಆಸ್ಪತ್ರೆಯ ಜಗಲಿ. ಬರೆಯಲು ಆಗುತ್ತಿಲ್ಲ.

೮ ಜನವರಿ, ಮಂಗಳವಾರ

ದಾರಿಯುದ್ದ ಏನೂ ಆಗಲಿಲ್ಲ. ಜಯದೇವಪ್ಪನವರ ಪಕ್ಕ ನಾನೇ ಕೂತಿದ್ದೆ. ಕಾರು ಹೂವಿನ ಮೇಲೆ ಹೋದಂತೆ ಹೋಯಿತು. ಬಯಲಲ್ಲಿ ನನ್ನನ್ನು ಇಳಿಸಿದರು. ಮೂಕಪ್ಪ ಆ ತುದಿಯ ಡ್ರಮ್ಮಿನ ಹತ್ತಿರ ಗಡಿಯಾರ ಹಿಡಿದು ನಿಂತಿದ್ದ. ಎರಡು ಸುತ್ತು ಸಲೀಸು. ಮೂರನೆಯದಕ್ಕೆ ಜೋರು ಮಾಡಿದರು. ಡ್ರಮ್ಮು ಸುತ್ತಿ ತಿರುಗುವಾಗ ಮೂತಿ ಸರಿಯಾಗೇ ತಿರುಗಿತು... ಹಿಂಭಾಗ ನಿಲ್ಲಲಿಲ್ಲ. ಒಂದು ಸುತ್ತು, ಎರಡು ಸುತ್ತು, ಧೂಳು, ಆಮೇಲೆ ಕಾಲುವೆಯಲ್ಲಿ ಧಡ್ ಅಂತ ಸದ್ದು.

ಜಯದೇವಪ್ಪನವರ ಹಣೆಗೆ ಏಳು ಹೊಲಿಗೆ. ಬೇರೇನೂ ಇಲ್ಲ. ಯಾರದೋ ಜೀಪಿನಲ್ಲಿ ಅವರನ್ನು ಸಾಗಿಸಿದರು. ಟೈರಿನ ಕಡೆ ಅವರು ತಿರುಗಿಯೂ ನೋಡಲಿಲ್ಲ.

ನೋಡಿದವನು ಮೂಕಪ್ಪ. ಮುಂದಿನ ಟೈರಿನ ಉಬ್ಬಿದ ಪಕ್ಕೆ ಸವರಿದ.

"ಮುಂದಕ್ಕೆ ಹಾಕಿದ್ರಾ, ಹಾಲಣ್ಣ?"

ನಾನು ಟವೆಲ್ ತೆಗೆದು ಟೈರಿನ ಧೂಳು ಒರೆಸತೊಡಗಿದೆ.

"ನಾನು ಹೇಳಿದ್ರೆ ಚಾಡಿ ಹೇಳ್ದಂಗೆ ಆಗ್ತೈತೆ. ನೀವೇ ಹೇಳ್ರಿ. ಅವ್ರು ಮತ್ತೆ ಸ್ಟೇರಿಂಗ್ ಹಿಡಿಯಾಕೆ ಮೊದ್ಲು."

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಕಪಾಳಕ್ಕೆ ಹೊಡೆದಿದ್ದರೂ ತಿರುಗಿ ಎರಡು ಕೊಡುತ್ತಿದ್ದೆ. ಇದಕ್ಕೆ ಏನು ಮಾಡಲಿ? ದೊಡ್ಡತನದಲ್ಲೂ ಅವನೇ ಮುಂದೆ.

೧೩ ಜನವರಿ, ಭಾನುವಾರ

ಜಯದೇವಪ್ಪನವರು ಹಣೆಗೆ ಪಟ್ಟಿ ಕಟ್ಟಿಕೊಂಡೇ ಅಂಗಡಿಗೆ ಬಂದರು. ಹೇಳಬೇಕೆಂದು ಬಾಯಿ ತೆರೆದೆ. ಅದಕ್ಕೆ ಮೊದಲೇ ನನ್ನ ಹೆಗಲ ಮೇಲೆ ಕೈ ಇಟ್ಟರು.

"ನಿಮ್ ಮಾತು ಕೇಳ್ಬೇಕಿತ್ತು ರೀ. ಆ ಮೂಕಪ್ಪ ಹಿಂದಕ್ಕೆ ಹಾಕ್ಸಿ ನನ್ನ ಸಾಯಿಸ್ತಿದ್ದ. ಮಂಡಿ ಮೆಟ್ಲು ಹತ್ಬ್ಯಾಡ ಅಂದೀನಿ."

"ಅವ... ಏನಂದ?"

"ಏನಂತಾನೆ? ತಲೆ ತಗ್ಗಿಸ್ಕೊಂಡು ಹೋದ. ಶುಕ್ರವಾರ ಮಧ್ಯಾಹ್ನ ಬರ್ತೀನಿ. ನನ್ನ ಕಣ್ಮುಂದೆನೇ ರೇಡಿಯಲ್ ಮುಂದಕ್ಕೆ ಹಾಕ್ರಿ. ರೇಸ್ನಾಗೆ ನೂರು ಮೈಲಿ ಸ್ಪೀಡ್ ಹೊಡಿಬೇಕು, ಹುಡುಗಾಟ ಅಲ್ಲ. ಸೀಟು ನಿಮ್ದು."

ಹೆಗಲ ಮೇಲಿನ ಕೈ ಬಿಸಿಯಾಗಿತ್ತು. ಹೇಳಲಿಲ್ಲ.

೧೬ ಜನವರಿ, ಬುಧವಾರ

ದಾವಣಗೆರೆಗೆ ಕಳಿಸಿದ್ದ ಕಾರು ಸೊಟ್ಟ ಸರಿಮಾಡಿಸಿಕೊಂಡು ವಾಪಸ್ ಬಂತು. ಬೆಳಗ್ಗೆ ನ್ಯಾಮತಿ ರಸ್ತೆಗೆ ಒಬ್ಬನೇ ಒಯ್ದೆ. ರೇಡಿಯಲ್ ಇನ್ನೂ ಮುಂದೆಯೇ. ಖಾಲಿ ತಿರುವಿನಲ್ಲಿ ಐವತ್ತು ಮೈಲಿ ಸ್ಪೀಡಿನಲ್ಲಿ ತಿರುಗಿಸಿದೆ. ಮುಂದಿನದು ಕಚ್ಚಿ ಹಿಡಿಯಿತು, ಬೆನ್ನ ಹಿಂದೆ ಕಾರು ಜಾರಿತು. ಮರದ ಕೆಳಗೆ ನಿಲ್ಲಿಸಿ ಅದಲುಬದಲು ಮಾಡಿದೆ. ಅದೇ ತಿರುವು, ಅದೇ ಐವತ್ತು. ಒಂದು ಗೇಣೂ ಅಲುಗಲಿಲ್ಲ.

ಮೂಕಪ್ಪ ಹೇಳಿದಂತೆಯೇ. ಅಕ್ಷರಶಃ. ಮರದ ಕೆಳಗೆ ಕೂತು ಅವನನ್ನು ಬಾಯಿತುಂಬ ಬೈದೆ. ಸರಿಯಾಗಿರಲು ಅವನಿಗೇನು ಹಕ್ಕು!

ಹೆಂಡತಿ ಕೊಟ್ರಮ್ಮ ಮದರಾಸಿಗೆಂದು ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದಾಳೆ. "ಯಾಕ್ರಿ, ಸೀಟು ಸಿಕ್ತಲ್ಲ? ಮಕ ಯಾಕೆ ಹವಾ ಹೋದ ಟ್ಯೂಬಿನಂಗೆ ಐತೆ?"

ಅವಳಿಗೆ ಎಲ್ಲ ಹೇಳಿದೆ. ಅಂಗಿ ಎತ್ತಿ ಟ್ರಂಕಿನಲ್ಲಿ ಹಾಕಿ ಮುಚ್ಚಿದಳು. ಅಷ್ಟೇ.

೧೭ ಜನವರಿ, ಗುರುವಾರ, ಸಂಜೆ ೬

ಎಲ್ಲ ದಾರಿ ಯೋಚಿಸಿದೆ. ಕದ್ದು ಹಿಂದೆಯೇ ಉಳಿಸೋಣವೆಂದರೆ ಈ ಸಲ ಜಯದೇವಪ್ಪನವರೇ ನಿಂತು ನೋಡುತ್ತಾರೆ. ಸುಮ್ಮನಿದ್ದರೆ ನೂರು ಮೈಲಿಯಲ್ಲಿ ಆ ಮೊದಲ ತಿರುವು... ಬೇಡ. ಬರೆಯಲಾರೆ.

ಹೇಳಿದರೆ ಮೂಕಪ್ಪನಿಗೆ ಮಂಡಿ ಮೆಟ್ಟಿಲು ತೆರೆಯುತ್ತದೆ. ಆ ಕೈ ಅವನ ಹೆಗಲಿಗೆ ಹೋಗುತ್ತದೆ. ಕೆಂಪು ಕಾರಿನಲ್ಲಿ ಪಕ್ಕ ಕೂತು, ತಲೆಗೆ ಟವೆಲ್ ಸುತ್ತಿಕೊಂಡು, ಮದರಾಸಿನವರೆಗೂ ಗಾಳಿ ಕುಡಿಯುತ್ತಾನೆ. ಅದನ್ನು ನೆನೆದರೆ ಈಗಲೂ ಎದೆಯಲ್ಲಿ ಕೆಂಡ.

ಆದರೂ ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಚನ್ನಗಿರಿಗೆ ಹೋಗುತ್ತೇನೆ. ಅವರು ಇಲ್ಲಿಗೆ ಹೊರಡುವ ಮೊದಲೇ ಮಂಡಿಯಲ್ಲಿ ಹಿಡಿಯುತ್ತೇನೆ. ಹಮಾಲರೆಲ್ಲ ಇರಲಿ, ಎಲ್ಲರ ಎದುರಿಗೇ ಹೇಳುತ್ತೇನೆ — ಅದಲುಬದಲು ಮಾಡಿದವನು ನಾನು, ರೇಡಿಯಲ್ ಹಿಂದಕ್ಕೆ, ನೈಲಾನ್ ಮುಂದಕ್ಕೆ, ಮೂಕಪ್ಪನ ಲೆಕ್ಕವೇ ಸರಿ. ಸೀಟಿಗೂ ಅವನನ್ನೇ ಕರೆದುಕೊಂಡು ಹೋಗಿ ಅಂತ— ಇಲ್ಲ. ಅದನ್ನು ನನ್ನ ಬಾಯಿಂದ ಹೇಳಲಾರೆ. ಟೈರಿನ ವಿಷಯ ಹೇಳುತ್ತೇನೆ. ಸೀಟಿನ ಮಾತು ಅವರೇ ಎತ್ತಿದರೆ, ನಾಳೆ ಬೆಳಗ್ಗೆ, ಆಗ ನಾನು ಏನನ್ನುತ್ತೇನೋ ನನಗೇ ಗೊತ್ತಿಲ್ಲ.