ರಟ್ಟಿನ ಮೇಲಿನ ಮುಖ

ಗುರುವಾರ, ಮಧ್ಯಾಹ್ನ

ನನ್ನ ಚೂಟಿಗೆ,

ಅಮ್ಮನ ಮುತ್ತುಗಳು. ಗಂಟಲು ನೋವು ಕಡಿಮೆಯಾಯಿತೇ? ಭಾಷಣವಿದ್ದ ದಿನ ಉಣ್ಣುವುದನ್ನು ಮರೆಯುವ ಚಾಳಿ ಇನ್ನೂ ಹೋಗಿಲ್ಲವೆಂದು ನನಗೆ ಗೊತ್ತು.

ಫೋನ್ ಬಿಟ್ಟು ಕಾಗದ ಹಿಡಿದಿದ್ದಾಳಲ್ಲ ಅಂತ ಗಾಬರಿಯಾಗಬೇಡ. ಎಷ್ಟು ಸಲ ಮಾಡಿದರೂ ನಿನ್ನ ಫೋನ್ ಎತ್ತುವವಳು ಆ ಹೊಸ ಕಾರ್ಯದರ್ಶಿ. ಮಾತಿನಲ್ಲಿ ಜೇನು ಸುರಿಯುತ್ತದೆ. ಮೇಡಂ ಮೀಟಿಂಗ್‌ನಲ್ಲಿದ್ದಾರೆ, ಏನಿದ್ದರೂ ನನಗೇ ಹೇಳಿ ಅನ್ನುತ್ತಾಳೆ. ಹತ್ತೊಂಬತ್ತು ತುಂಬದ ನನ್ನ ಮಗಳು ಮೇಡಂ ಆದದ್ದು ಯಾವಾಗಲೋ. ಅವಳನ್ನು ನಿನ್ನ ಹತ್ತಿರ ಕೆಲಸಕ್ಕೆ ಕಳಿಸಿಕೊಟ್ಟವರು ನಮ್ಮ ನೋಟ್‌ಬುಕ್ ಕಾರ್ಖಾನೆಯ ಮಾಲೀಕರೇ ಅಂತೆ. ಅದು ತಿಳಿದ ಮೇಲೆ ನಾನು ಅವಳೆದುರು ಬಾಯಿ ಬಿಟ್ಟಿಲ್ಲ.

ಶನಿವಾರ ಅದೇ ಮಾಲೀಕರು ನಿನ್ನನ್ನು ವೇದಿಕೆಗೆ ಕರೆದು ಹುಡುಗಿಯರ ಶಾಲಾ ಬಸ್ಸಿನ ಕೀಲಿಕೈ ಕೊಡುತ್ತಾರಲ್ಲ, ಬರೆಯುತ್ತಿರುವುದು ಅದರ ಬಗ್ಗೆಯೇ. ಆ ಬಸ್ಸಿಗಾಗಿ ನೀನು ಚಪ್ಪಲಿ ಸವೆಸಿದ್ದನ್ನು ನನಗಿಂತ ಬಲ್ಲವರಿಲ್ಲ. ಸೇತುವೆಯಾಚೆಯ ಹುಡುಗಿಯರ ಓದು ಏಳನೇ ಕ್ಲಾಸಿಗೇ ನಿಂತುಹೋಗುತ್ತದೆಂದು, ಹದಿನಾರನೇ ವಯಸ್ಸಿಗೆ ಅವರನ್ನೆಲ್ಲ ಕಟ್ಟಿಕೊಂಡು ಶಿಕ್ಷಣಾಧಿಕಾರಿಯ ಕಚೇರಿ ಮೆಟ್ಟಿಲ ಮೇಲೆ ಗಟ್ಟಿಯಾಗಿ ಪಾಠ ಓದುತ್ತ ಕೂತವಳು ನೀನು. ಇವತ್ತಿಗೂ ನಮ್ಮ ಬೀದಿಯ ಹುಡುಗಿಯರು ಅಪ್ಪಂದಿರ ಹತ್ತಿರ ಹಟ ಹಿಡಿಯುವಾಗ ನಿನ್ನ ಹೆಸರೆತ್ತುತ್ತಾರೆ. ಬಸ್ಸಿನ ಸುದ್ದಿ ಬಂದಾಗ ನಾನೂ ಹಿಗ್ಗಿದೆ.

ಆಮೇಲೆ ಕಾರ್ಖಾನೆಯಲ್ಲಿ ನನಗೊಂದು ಕುರ್ಚಿ ಬಂತು. ಇಷ್ಟು ವರ್ಷ ನಿಂತುಕೊಂಡೇ ಹಾಳೆಗಳಿಗೆ ಪಿನ್ ಹೊಡೆದವಳು ನಾನು. ಸೂಪರ್‌ವೈಸರ್ ನನ್ನನ್ನು ಕರೆಯುತ್ತಿದ್ದದ್ದೇ "ಏ ಪಿನ್ನು" ಅಂತ. ಅವನು ತಾನೇ ಕುರ್ಚಿ ಹೊತ್ತು ತಂದು, "ಕೂತ್ಕೊಳ್ಳಿ ಅಮ್ಮಾ, ಕಾಲು ನೋಯುತ್ತೆ" ಅಂದ. ಕೂತೆ, ಆದರೆ ಬೆನ್ನು ಆನಿಸಲು ಮನಸ್ಸಾಗಲಿಲ್ಲ. ಅದೇ ವಾರ ಹೊಸ ರಟ್ಟುಗಳು ಬಂದವು. ಎಲ್ಲದರ ಮೇಲೂ ನಿನ್ನ ಮುಖ. ಒಂದೊಂದು ಪುಸ್ತಕ ಕೊಂಡಾಗಲೂ ಒಬ್ಬ ಹುಡುಗಿಯ ಓದಿಗೆ ನೆರವು ಅಂತ ಕೆಳಗೆ ಅಚ್ಚು. ನೀನು ಚೆನ್ನಾಗಿಯೇ ಕಾಣುತ್ತೀಯ, ಆದರೆ ಮೂಗಿನ ಪಕ್ಕದ ಮಚ್ಚೆಯನ್ನು ಒರೆಸಿಬಿಟ್ಟಿದ್ದಾರೆ. ಮಗಳ ಮಚ್ಚೆ ಒರೆಸುವವರು ಇನ್ನೇನನ್ನು ಒರೆಸಿದ್ದಾರೋ ಅನ್ನಿಸಿತು. ಹುಚ್ಚು ಯೋಚನೆ ಅಂತ ನನಗೆ ನಾನೇ ಬೈದುಕೊಂಡೆ.

ಮಂಗಳವಾರ ಕರೆಂಟು ಹೋಯಿತು. ಮಡಚುವ ಯಂತ್ರ, ಕತ್ತರಿಸುವ ಯಂತ್ರ ಎಲ್ಲ ನಿಂತು ನಾವು ಕೈಕಟ್ಟಿ ಕೂತೆವು. ಆದರೆ ಹಿಂದಿನ ಶೆಡ್ಡಿನಿಂದ ರಟ್ಟು ಅಂಟಿಸಿದ ಪುಸ್ತಕಗಳ ಕಟ್ಟು ಮಾತ್ರ ಎಂದಿನಂತೆ ಬರುತ್ತಲೇ ಇತ್ತು. ಅಂಟಿಸುವುದಕ್ಕೆ ಅಲ್ಲಿ ಹೊಸ ಯಂತ್ರ ತಂದಿದ್ದಾರೆ, ಯಾರೂ ಹತ್ತಿರ ಹೋಗಕೂಡದು ಅಂತ ಸೂಪರ್‌ವೈಸರ್ ಎಲ್ಲರಿಗೂ ಹೇಳಿದ್ದ. ಕರೆಂಟಿಲ್ಲದೆ ಓಡುವ ಆ ಯಂತ್ರ ಯಾವುದು ಅಂತ ಅಂಟು ಕಾಯಿಸುವ ಅಕ್ಕನನ್ನು ಕೇಳಿದೆ. ಅವಳು ಬಕೆಟ್ಟಿನಿಂದ ಕಣ್ಣೆತ್ತದೆ, "ನನ್ನನ್ನ ಕೇಳ್ಬೇಡ ಕಣೇ, ನನಗೂ ಮನೆ ನಡೀಬೇಕು" ಅಂದಳು.

ನಿನ್ನೆ ಊಟದ ಹೊತ್ತಿನಲ್ಲಿ ಕಾಗದದ ಉಗ್ರಾಣದೊಳಗಿಂದ ಹಿಂದಕ್ಕೆ ಹೋದೆ. ಬಾಗಿಲಲ್ಲಿ ಪುಟ್ಟ ಪುಟ್ಟ ಚಪ್ಪಲಿಗಳು. ಒಳಗೆ ನೆಲದ ಮೇಲೆ ಹುಡುಗಿಯರು, ಚೂಟಿ. ಹತ್ತು, ಹನ್ನೊಂದು ವರ್ಷದವರು. ಶಾಲೆಯಿರುವ ದಿನ. ಮಡಿಲಲ್ಲಿ ನಿನ್ನ ಮುಖವಿಟ್ಟುಕೊಂಡು ಅಂಟು ಸವರುತ್ತಿದ್ದರು. ಬೆರಳ ತುದಿಯ ಚರ್ಮ ಸಿಪ್ಪೆಯ ಹಾಗೆ ಎದ್ದಿತ್ತು. ಎರಡು ಜಡೆಯ ಹುಡುಗಿಯ ಪಕ್ಕ ಕೂತು ಯಾವ ಕ್ಲಾಸು ಅಂತ ಕೇಳಿದೆ. ಅವಳು ಮೊದಲು ಬಾಗಿಲ ಕಡೆ ನೋಡಿದಳು. ಆಮೇಲೆ ರಟ್ಟು ತೋರಿಸಿ, "ಇವರು ನಿಜವಾಗ್ಲೂ ಇದ್ದಾರಾ, ಇಲ್ಲಾ ಬರೀ ಚಿತ್ರಾನಾ?" ಅಂತ ನನ್ನನ್ನೇ ಕೇಳಿದಳು. ನನ್ನ ಮಗಳು ಕಣೇ ಅಂದೆ. ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿ ನಕ್ಕುಬಿಟ್ಟಳು. ನಂಬಲಿಲ್ಲ.

ಅಷ್ಟರಲ್ಲಿ ಸೂಪರ್‌ವೈಸರ್ ಬಂದ. ಕೂಗಾಡುತ್ತಾನೆ ಅಂದುಕೊಂಡೆ. ಕೂಗಾಡಲಿಲ್ಲ. ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಮೆಲ್ಲಗೆ, "ನಾಳೆಯಿಂದ ಮನೇಲಿ ಆರಾಮಾಗಿರಿ ಅಮ್ಮಾ" ಅಂದ. ಇದನ್ನು ಮಗಳಿಗೆ ಹೇಳುತ್ತೇನೆ ಅಂದೆ. ಅದಕ್ಕವನು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ: "ಧಾರಾಳವಾಗಿ ಹೇಳಿ. ಮೇಡಂಗೆ ಎಲ್ಲಾ ಗೊತ್ತು. ಬಸ್ಸು ಪುಕ್ಕಟೆ ಬರುತ್ತಾ?"

ಕೆಲಸ ಹೋದದ್ದು ಎದೆಗೆ ತಾಗಲಿಲ್ಲ. ಈ ಮಾತು ತಾಗಿತು. ಮನೆಗೆ ಬಂದವಳು ಒಲೆ ಹಚ್ಚಲಿಲ್ಲ. ಅವನು ಸುಳ್ಳ, ನನಗೆ ಗೊತ್ತು. ಆದರೂ ಹೋದ ತಿಂಗಳು ಬಂದಾಗ ಕಾರ್ಖಾನೆ ನೋಡಿಕೊಂಡು ಹೋದವಳು ನೀನು, ಮಾಲೀಕರ ಕಾರಿನಲ್ಲೇ. ಹಿಂದಿನ ಶೆಡ್ಡಿನ ಹೊಸ ಯಂತ್ರ ತೋರಿಸಿದರಾ ಅಂತ ನಾನು ಕೇಳಿದಾಗ ನೀನು ಮಾತು ಬದಲಿಸಿದೆಯೋ, ಇಲ್ಲಾ ನನಗೆ ಹಾಗೆ ನೆನಪೋ? ನಿನ್ನೆಯಿಂದ ಅದನ್ನೇ ತಿರುವಿ ಹಾಕುತ್ತಿದ್ದೇನೆ. ಒಂದು ಬಸ್ಸು ಬಂದರೆ ಸೇತುವೆಯಾಚೆಯ ನಲವತ್ತು ಮಕ್ಕಳು ಹೈಸ್ಕೂಲು ಕಾಣುತ್ತಾರೆ, ಶೆಡ್ಡಿನೊಳಗಿನ ಹತ್ತು ಮಂದಿಯ ವಿಷಯ ಆಮೇಲೆ ನೋಡಿದರಾಯಿತು ಅಂತ ಯಾರಾದರೂ ನಿನಗೆ ಲೆಕ್ಕ ಒಪ್ಪಿಸಿದರೇ? ನೀನು ತಲೆಯಾಡಿಸಿದೆಯಾ? ಹೆತ್ತ ಮಗಳ ಮೇಲೆ ಹೀಗೆ ಅನುಮಾನಪಡುತ್ತ ಕೂತಿರುವುದು ನನಗೇ ಅಸಹ್ಯ. ಆದರೆ ಕೇಳದೆ ಒಳಗೇ ಇಟ್ಟುಕೊಂಡರೆ ನಾಳೆ ನಿನ್ನ ಮುಖ ನೋಡಿದಾಗಲೆಲ್ಲ ಆ ರಟ್ಟೇ ಕಾಣುತ್ತದೆ.

ಶನಿವಾರ ನಾನು ಬರುವುದಿಲ್ಲ. ಮುಂದಿನ ಸಾಲಿನಲ್ಲಿ ನನಗೆ ಕುರ್ಚಿ ಹಾಕಿಸಿದ್ದಾರಂತೆ. ಅದನ್ನು ತೆಗೆಸಿಬಿಡು.

ಮೈ ಜೋಪಾನ.

ನಿನ್ನ
ಅಮ್ಮ

ಮರೆತ ಮಾತು: ಇದನ್ನು ಅಂಚೆಗೆ ಹಾಕಿಲ್ಲ, ತಂದಿರುವವರು ನಿನ್ನೆದುರೇ ನಿಂತಿದ್ದಾರೆ. ಎರಡು ಜಡೆಯವಳು ಅವಳೇ, ಜೊತೆಗಿರುವವಳು ಅವಳ ತಾಯಿ. ಕೆಲಸದ ಜೊತೆ ಓದು ಬರಹವನ್ನೂ ಕಲಿಸುತ್ತೇವೆ ಅಂದಿದ್ದರಂತೆ, ಅದನ್ನು ನಂಬಿ ಕಳಿಸಿದ್ದಳು. ಬೆಳಿಗ್ಗೆ ಅವರ ಮನೆ ಹುಡುಕಿಕೊಂಡು ಹೋಗಿ ಮಾತಾಡಿದೆ. ಕಾಗದವನ್ನು ಕಾರ್ಯದರ್ಶಿಯ ಕೈಗೆ ಕೊಡಬೇಡಿ, ಮಗಳು ಬಾಗಿಲಿಗೆ ಬರುವ ತನಕ ಕದಲಬೇಡಿ ಅಂತ ಹೇಳಿದ್ದೇನೆ. ಸೂಪರ್‌ವೈಸರ್ ಹೇಳಿದ್ದು ನಿಜವಾಗಿದ್ದರೆ ಇಬ್ಬರಿಗೂ ಊಟ ಹಾಕಿ ವಾಪಸು ಬಸ್ಸು ಹತ್ತಿಸು, ನನಗೆ ಉತ್ತರ ಬರೆಯಬೇಡ. ಸುಳ್ಳಾಗಿದ್ದರೆ, ಶನಿವಾರ ಏನು ಮಾಡಬೇಕೆಂದು ನಾನು ನಿನಗೆ ಹೇಳಿಕೊಡಬೇಕಾಗಿಲ್ಲ.